ಓಪನ್ ಕಾರು: ಪೆಟ್ರೋಲಿನದೋ, ಕರೆಂಟಿನದೋ?

ಬೋರ್ಡೋ ದ್ರಾವಣ, ಕಾಯಿಕೊರಕ, ಕೊಳೆರೋಗ, ಮೆಣಸಿನ ಧಾರಣೆ ಇವುಗಳನ್ನು ಬಿಟ್ಟು ಈ ಪುಟಗಳಲ್ಲಿ ನಾನು ಬೇರೆ ಏನನ್ನಾದರೂ ಬರೆದದ್ದು ಅಪರೂಪ. ಈ ಸಲ ಬರೆಯಹೊರಟಿರುವುದು ಮಾಡು ಮಡಚಿಡುವ ಮೋಟಾರು ಕಾರಿನ ವಿಚಾರ. ಕಾರಣ ತಿಳಿದ ಮೇಲೆ ಕ್ಷಮಿಸುತ್ತೀರೆಂದು ನಂಬಿದ್ದೇನೆ.

2025ರ ದೀಪಾವಳಿ ಕಳೆದ ಮರುವಾರ ನಮ್ಮ ಹಿರಿಯ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದರು. ಹಿಂದೆಯೇ ಅವರ ಮಗ. ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಮೂರು ವರ್ಷವಾಯಿತು. ತೋಟವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾನೆ. 2024ರಲ್ಲಿ, 2025ರಲ್ಲಿ ರೋಬಸ್ಟಾಕ್ಕೆ ನಾವ್ಯಾರೂ ಕನಸಿನಲ್ಲೂ ಕಾಣದ ಬೆಲೆ ಬಂತಲ್ಲ, ಆ ದುಡ್ಡಿನಲ್ಲಿ ಅವನಿಗೊಂದು ಓಪನ್ ಕಾರು ಬೇಕಂತೆ. ಪೆಟ್ರೋಲಿನದಾದರೆ ಬಿ.ಎಂ.ಡಬ್ಲ್ಯು. ಕಂಪನಿಯ ಝಡ್-4, ಕರೆಂಟಿನದಾದರೆ ಎಂ.ಜಿ.ಯವರ ಸೈಬರ್‌ಸ್ಟರ್. ಜೊತೆಗೊಂದು ಅರ್ಜಿ: ಮನೆಯ ರಸ್ತೆಯಲ್ಲಿ ಅಂಥ ಕಾರು ಹತ್ತುವುದಿಲ್ಲ, ಟಾರು ರಸ್ತೆಯ ಪಕ್ಕದಲ್ಲಿರುವ ಸಂಘದ ಗೋದಾಮಿನ ಒಂದು ಮೂಲೆಯನ್ನು ಬಾಡಿಗೆಗೆ ಕೊಡಬೇಕು.

"ನೀನು ಬಿ.ಎಸ್ಸಿ. ಓದಿದವನು ಮಾರಾಯ, ಎರಡನ್ನೂ ನೋಡಿ ಇವನಿಗೆ ಬುದ್ಧಿ ಹೇಳು" ಎಂದರು ಹಿರಿಯರು. ಮಗ ಕಾಫಿ ಹೇಳಲು ಹೊರಗೆ ಹೋದಾಗ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು: "ಬೇಡ ಅಂದುಬಿಟ್ಟರೆ ವಾಪಸು ಹೊರಟುಬಿಟ್ಟಾನೋ ಏನೋ. ಅದೂ ಹೆದರಿಕೆಯೇ." ನಮ್ಮ ಸೀಮೆಯಲ್ಲಿ ಎಷ್ಟು ಮನೆಗಳಲ್ಲಿ ಈಗ ಮುದುಕರಿಬ್ಬರೇ ಉಳಿದಿದ್ದಾರೆ ಎಂಬುದನ್ನು ನಾನು ಬರೆದು ತಿಳಿಸಬೇಕಾಗಿಲ್ಲ.

ನವೆಂಬರಿನಲ್ಲಿ ಹುಡುಗನ ಸ್ನೇಹಿತರಿಬ್ಬರು ಎರಡು ಕಾರುಗಳನ್ನೂ ತಂದರು. ಒಂದೇ ದಿನ, ಕೊಪ್ಪದಿಂದ ಆಗುಂಬೆಗೆ, ಘಾಟಿಯಿಳಿದು ಸೋಮೇಶ್ವರಕ್ಕೆ, ಅಲ್ಲಿಂದ ಹಿಂದಕ್ಕೆ. ಬೆಳಿಗ್ಗೆ ಪೆಟ್ರೋಲಿನದು, ಮಧ್ಯಾಹ್ನ ಕರೆಂಟಿನದು.

ಓಪನ್ ಗಾಡಿ ನಮಗೆ ಹೊಸದಲ್ಲ. ನಾನು ಗಾಡಿ ಕಲಿತದ್ದೇ ತಂದೆಯವರ ಕ್ಯಾನ್ವಾಸು ಹುಡ್ಡಿನ ಪೆಟ್ರೋಲ್ ಜೀಪಿನಲ್ಲಿ. ಆ ಎಂಜಿನು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿದ್ದುದರಿಂದ ಮುಂದೆ ಅದಕ್ಕೆ ಡೀಸೆಲ್ ಎಂಜಿನು ಕೂರಿಸಿದರು. ಊರಿನ ಅರ್ಧ ಜೀಪುಗಳ ಕಥೆ ಅದೇ. ಡೀಸೆಲ್ಲಿನ ಮೇಲೆ ಮಾತಾಡಬೇಕಾದರೆ ಕೂಗಬೇಕಾಯಿತು. ಈಗಲೂ ನಮ್ಮ ಮನೆಯವರು ಮಾತಾಡುವುದು ಸ್ವಲ್ಪ ಜೋರೇ.

ಝಡ್-4ರ ಈ ಮಾದರಿ ಹೊರಬಂದದ್ದು 2018ರಲ್ಲಿ. ಭಾರತಕ್ಕೆ ಬಂದವುಗಳಲ್ಲೊಂದು ಮೂರು ಲೀಟರಿನ, ಸಾಲಿಗೆ ಆರು ಸಿಲಿಂಡರಿನ, 340 ಅಶ್ವಶಕ್ತಿಯ ಎಂಜಿನಿನದು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ನಾಲ್ಕೂವರೆ ಸೆಕೆಂಡು. ಸೈಬರ್‌ಸ್ಟರ್ 2025ರ ಜುಲೈಯಲ್ಲಿ ಭಾರತದಲ್ಲಿ ಸುಮಾರು 75 ಲಕ್ಷಕ್ಕೆ ಬಿಡುಗಡೆಯಾಯಿತು. ಎರಡು ಮೋಟಾರು, 510 ಅಶ್ವಶಕ್ತಿ, 77 ಯೂನಿಟ್ ಹಿಡಿಯುವ ಬ್ಯಾಟರಿ. ನೂರಕ್ಕೆ ಮೂರು ಸೆಕೆಂಡು ಚಿಲ್ಲರೆ. ಕಾಲಿಟ್ಟ ಕೂಡಲೇ ತಲೆ ಹಿಂದಿನ ದಿಂಬಿಗೆ ಬಡಿಯಿತು. ಆದರೆ ಬೇಗಾರಿನ ತಿರುವುಗಳಲ್ಲಿ ಮೂರು ಸೆಕೆಂಡು ಕಟ್ಟಿಕೊಂಡು ಮಾಡುವುದೇನು? ವೇಗದ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ತೂಕದ ಮಾತನ್ನು ಬಿಡಲಾಗದು. ಝಡ್-4 ಸುಮಾರು 1,600 ಕಿಲೋ. ಸೈಬರ್‌ಸ್ಟರ್ ಎರಡು ಸಾವಿರಕ್ಕೆ ಹದಿನೈದು ಕಿಲೋ ಕಡಿಮೆ. ಅಂದರೆ ಐವತ್ತು ಕಿಲೋದ ಏಳೆಂಟು ಮೂಟೆ ಕಾಫಿಯನ್ನು ಸದಾ ಹೊತ್ತುಕೊಂಡೇ ಓಡುತ್ತಿರುತ್ತದೆ. ಇದೇ ಎಂ.ಜಿ. ಹೆಸರಿನಲ್ಲಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಓಪನ್ ಕಾರು ಸಾವಿರ ಕಿಲೋಕ್ಕಿಂತ ಕಡಿಮೆ ತೂಗುತ್ತಿತ್ತು, ಅದರ ಎಂಜಿನು ನೂರು ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. ಆದರೂ ಜನ ಅದನ್ನು ಲಕ್ಷಗಟ್ಟಲೆ ಕೊಂಡು ಸುಖಪಟ್ಟರು. ಆ ಹೆಸರು ಈಗ ಚೀನಾದ ಶಾಂಘೈ ಕಂಪನಿಯ ಕೈಯಲ್ಲಿದೆ.

ತೂಕಕ್ಕೆ ಕಾರಣವಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ಶಕ್ತಿ ಅಡಗಿದೆ. ಐವತ್ತು ಲೀಟರಿನ ಟ್ಯಾಂಕು ತುಂಬಿಸಿದರೆ ನಲವತ್ತು ಕಿಲೋದೊಳಗಿನ ತೂಕದಲ್ಲಿ ನಾನೂರೈವತ್ತು ಯೂನಿಟ್ ಹೊತ್ತಂತಾಯಿತು. ಆದರೆ ಎಂಜಿನು ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ, ಕಾಲು ಪಾಲಿನಷ್ಟನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ. ವಿದ್ಯುತ್ ಮೋಟಾರು ಹಾಗೆ ಪೋಲು ಮಾಡುವುದಿಲ್ಲ. ಪಡೆದದ್ದರಲ್ಲಿ ಬಹುಪಾಲನ್ನು ಕೆಲಸಕ್ಕೆ ಹಚ್ಚುತ್ತದೆ. ಹಾಗಾಗಿ 77 ಯೂನಿಟ್ಟಿನಲ್ಲೇ ಯೂರೋಪಿನ ಪರೀಕ್ಷೆಯಂತೆ ಸುಮಾರು 440 ಕಿಲೋಮೀಟರು, ನಮ್ಮ ದೇಶದ ಪರೀಕ್ಷೆಯಂತೆ 580 ಕಿಲೋಮೀಟರು ಓಡುತ್ತದೆಂದು ಹೇಳುತ್ತಾರೆ. ಹುಡುಗನಿಗೆ ನಾನು ಹೇಳಿದ್ದು, ಚಿಕ್ಕ ಅಂಕಿಯನ್ನೂ ಪೂರ್ತಿ ನಂಬದೆ ಅದರಿಂದಲೂ ಸ್ವಲ್ಪ ಕಳೆದುಕೋ ಎಂದು. ಬೆಂಗಳೂರಿನಿಂದ ಕೊಪ್ಪಕ್ಕೆ ಮುನ್ನೂರು ಕಿಲೋಮೀಟರು ಮಿಕ್ಕಿದೆ. ಬರಬಹುದು, ಬಂದ ರಾತ್ರಿ ಕರೆಂಟು ಇರಬೇಕು.

ಮಾಡಿಲ್ಲದ ಕಾರಿಗೆ ಇನ್ನೊಂದು ತೊಂದರೆಯುಂಟು. ಕಾರಿನ ಮಾಡೆಂದರೆ ಬರೀ ಮುಚ್ಚಳವಲ್ಲ. ಮನೆಯ ತೊಲೆಯಂತೆ ಒಡಲನ್ನೆಲ್ಲ ಬಿಗಿಹಿಡಿದಿರುತ್ತದೆ. ಅದನ್ನು ತೆಗೆದರೆ ಹೊಂಡದ ರಸ್ತೆಯಲ್ಲಿ ಒಡಲು ತಿರುಚಿಕೊಳ್ಳಲು ನೋಡುತ್ತದೆ, ಆದುದರಿಂದ ತಳಕ್ಕೆ ಹೆಚ್ಚು ಉಕ್ಕು ಸೇರಿಸಬೇಕು. ಕರೆಂಟಿನ ಕಾರಿನಲ್ಲಿ ಬ್ಯಾಟರಿಯ ಪೆಟ್ಟಿಗೆ ಹಲಗೆಯಂತೆ ತಳದಲ್ಲಿ ಮಲಗಿ ಈ ಬಿಗಿಗೂ ನೆರವಾಗುತ್ತದೆ; ಭಾರವೆಲ್ಲ ನೆಲದ ಹತ್ತಿರವಿರುವುದರಿಂದ ತಿರುವಿನಲ್ಲಿ ಓಲಾಟ ಕಡಿಮೆ.

ಈಗ ಆಗುಂಬೆ ಘಾಟಿ. ಹದಿನಾಲ್ಕು ಹಿಮ್ಮುರಿ ತಿರುವು. ಬೆಳಿಗ್ಗೆ ಪೆಟ್ರೋಲ್ ಕಾರಿನಲ್ಲಿ ಇಳಿಯುವಾಗ ಪ್ರತಿ ತಿರುವಿಗೂ ಮುಂಚೆ ಗೇರು ಇಳಿಸಿದೆ, ಎಂಜಿನು ಗುರ್ ಎಂದು ದನಿಯೇರಿಸಿತು, ನಾನು ಇಪ್ಪತ್ತರ ಹುಡುಗನಾದೆ. ನಿಜ ಹೇಳಬೇಕೆಂದರೆ ಆ ಸುಖ ಮಧ್ಯಾಹ್ನ ಸಿಗಲಿಲ್ಲ. ಕರೆಂಟಿನ ಕಾರಿನಲ್ಲಿ ಗೇರೇ ಇಲ್ಲ. ಕಾಲು ತೆಗೆದರೆ ಮೋಟಾರೇ ಡೈನಮೋ ಆಗಿ ಗಾಡಿಯನ್ನು ಹಿಡಿಯುತ್ತದೆ, ಬ್ರೇಕಿಗೆ ಹೆಚ್ಚು ಕೆಲಸವಿಲ್ಲ. ಆದರೆ ಕೆಳಗಿಳಿದು ಲೆಕ್ಕ ಹಾಕಿದೆ. ಜನ ಸೇರಿ 2,150 ಕಿಲೋ ತೂಕ ಹೆಚ್ಚುಕಡಿಮೆ ಐನೂರು ಮೀಟರು ಇಳಿದರೆ ಸುಮಾರು ಮೂರು ಯೂನಿಟ್. ಟೈರು, ಗಾಳಿ ತಿಂದದ್ದು ಕಳೆದು ಅದರ ಅರ್ಧದಷ್ಟಾದರೂ ಬ್ಯಾಟರಿಗೆ ಮರಳುತ್ತದೆ. ಪೆಟ್ರೋಲ್ ಕಾರಿನಲ್ಲಿ ಅಷ್ಟೂ ಬ್ರೇಕಿನ, ಎಂಜಿನಿನ ಬಿಸಿಯಾಗಿ ಹೋಗುತ್ತದೆ. ಘಾಟಿ ಇಳಿದು ಟ್ಯಾಂಕಿಗೆ ಪೆಟ್ರೋಲು ತುಂಬಿಕೊಂಡ ಗಾಡಿಯನ್ನು ಯಾರೂ ಕಂಡಿಲ್ಲ.

ಹಿಂದಿರುಗುವಾಗ ಮಾಡು ತೆರೆದೆವು. ಗುಂಡಿ ಒತ್ತಿದರೆ ಹತ್ತು ಹದಿನೈದು ಸೆಕೆಂಡಿನಲ್ಲಿ ಬಟ್ಟೆಯ ಮಾಡು ಹಿಂದೆ ಮಡಚಿ ಕೂರುತ್ತದೆ, ಎರಡರಲ್ಲೂ. ಬೆಳಿಗ್ಗೆ ಬರುವಾಗ ಎಂಜಿನು ಕೇಳಿಸಿತ್ತು. ಸಂಜೆ, ಮೂವತ್ತರ ವೇಗದಲ್ಲಿ, ಹಳ್ಳದ ನೀರು ಕೇಳಿಸಿತು. ಮಂಗಟ್ಟೆಯೊಂದು ರಸ್ತೆ ದಾಟಿದಾಗ ಅದರ ರೆಕ್ಕೆಯ ಸದ್ದು ತಲೆಯ ಮೇಲೆಯೇ ಹಾದುಹೋಯಿತು. ಮನೆಮನೆಗಳಲ್ಲಿ ಅಡಿಕೆ ಬೇಯಿಸುವ ಕಾಲ. ಒಂದೊಂದು ತಿರುವಿಗೂ ಚೊಗರಿನ ವಾಸನೆ, ಹೊಗೆಯ ವಾಸನೆ. ಸುಲಿಯುವ ಚಪ್ಪರದಲ್ಲಿ ಹೆಂಗಸರು ನಗುವುದೂ ಕೇಳಿಸಿತು. ಮಾಡಿಲ್ಲದ ಕಾರಿಗೆ ದುಡ್ಡು ಕೊಡುವುದು ಇದಕ್ಕಾಗಿಯಾದರೆ ಕರೆಂಟಿನದೇ ಸರಿ ಎಂದು ನನಗೆ ಆಗಲೇ ಅನಿಸಿತು.

ಅದಾದ ಐದೇ ನಿಮಿಷಕ್ಕೆ ರಸ್ತೆಯಂಚಿನಲ್ಲಿ ಕಾಡುಕೋಣ. ನಮ್ಮ ಸದ್ದಿಲ್ಲದೆ ಅದಕ್ಕೆ ನಾವು ಬಂದದ್ದು ಗೊತ್ತಾಗಿಲ್ಲ. ಪೆಟ್ರೋಲಿನ ಸದ್ದಾಗಿದ್ದರೆ ಫರ್ಲಾಂಗು ದೂರದಲ್ಲೇ ಕಾಡಿಗೆ ಇಳಿದಿರುತ್ತಿತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ತಲೆಯೆತ್ತಿ ನೋಡಿತು, ನಾವೂ ನೋಡಿದೆವು, ನಮ್ಮ ತಲೆಯ ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. "ಚಿಕ್ಕಪ್ಪ, ಹಾರ್ನ್ ಹೊಡೆಯಲಾ?" ಎಂದ ಹುಡುಗ. "ಬಾಯಿ ಮುಚ್ಚಿ ಕೂತ್ಕೊ" ಎಂದೆ. ಅದು ತಾನಾಗಿ ದಾಟಿತು. ಈ ಪ್ರಸಂಗವನ್ನು ಅವನ ತಂದೆಗೆ ನಾವಿನ್ನೂ ಹೇಳಿಲ್ಲ. ಇಲ್ಲಿ ಓದಿಯೇ ತಿಳಿಯಲಿ.

ಖರ್ಚಿನ ವಿಷಯ. ನೂರು ಕಿಲೋಮೀಟರಿಗೆ ಪೆಟ್ರೋಲಿನದಕ್ಕೆ ಒಂಬತ್ತು ಹತ್ತು ಲೀಟರು, ಲೀಟರಿಗೆ ನೂರು ರೂಪಾಯಿ ಹಿಡಿಯಿರಿ. ಕರೆಂಟಿನದಕ್ಕೆ ಇಪ್ಪತ್ತೆರಡು ಯೂನಿಟ್, ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಇನ್ನೂರರೊಳಗೆ. ತೆರಿಗೆಯಲ್ಲೂ ಅಂತರವಿದೆ: 2025ರ ಸೆಪ್ಟೆಂಬರಿನಿಂದ ಇಂಥ ಪೆಟ್ರೋಲ್ ಕಾರಿಗೆ ಜಿ.ಎಸ್.ಟಿ. ಶೇ. 40, ವಿದ್ಯುತ್ತಿನದಕ್ಕೆ ಶೇ. 5. ಕರ್ನಾಟಕದಲ್ಲಿ ವಿದ್ಯುತ್ ಕಾರಿಗೆ ರಸ್ತೆ ತೆರಿಗೆಯೇ ಇರಲಿಲ್ಲ. 25 ಲಕ್ಷ ಮೀರಿದವಕ್ಕೆ 2024ರಲ್ಲಿ ಶೇ. 10 ಹಾಕಿದರು. ಆದರೆ ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಓಡಿಸಿ ಮೂವತ್ತೈದು ಸಾವಿರ ಉಳಿಸಲು ಮುಕ್ಕಾಲು ಕೋಟಿ ಹಾಕುವುದನ್ನು ಉಳಿತಾಯವೆಂದು ಸಂಘದ ಲೆಕ್ಕಪುಸ್ತಕದಲ್ಲಿ ನಾನು ಬರೆಯಲಾರೆ. 2001-02ರಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಆಳುಗಳ ಬಟವಾಡೆಗೆಂದು ಮೋಟಾರು ಸೈಕಲ್ಲು ಮಾರಿದವನು ನಾನು. ಆಗ ಈ ಹುಡುಗ ಪ್ರಾಥಮಿಕ ಶಾಲೆಯಲ್ಲಿದ್ದ.

ಇನ್ನು ನಮ್ಮ ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಎರಡರ ಮಾಡೂ ತೆರೆಯುವಂತಿಲ್ಲ. ಪೆಟ್ಟಿಗೆಯಲ್ಲಿಟ್ಟ ಚಪ್ಪಲಿಗೇ ಬೂಷ್ಟು ಹಿಡಿಯುವ ಊರಿನಲ್ಲಿ ಬಟ್ಟೆಯ ಮಾಡು, ಚರ್ಮದ ಸೀಟು. ವೈರು ಕಡಿಯುವ ಇಲಿ, ಅಳಿಲು ಬೇರೆ. ಪೆಟ್ರೋಲಿನದನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡಬಹುದು. ಕರೆಂಟಿನದಕ್ಕೆ ಸಾಧಾರಣ ಹದಿನೈದು ಆಂಪಿಯರ್ ಪ್ಲಗ್ಗಿನಲ್ಲಿ ಪೂರ್ತಿ ತುಂಬಲು ಒಂದು ಹಗಲು ಒಂದು ರಾತ್ರಿ. ಏಳು ಕಿಲೋವಾಟಿನ ಚಾರ್ಜರಿದ್ದರೆ ಹನ್ನೊಂದು ಹನ್ನೆರಡು ಗಂಟೆ. ಮರ ಬಿದ್ದು ಲೈನು ಹೋದರೆ ನಮ್ಮಲ್ಲಿ ಮೂರು ದಿನ ಕತ್ತಲೆ. ಆಗ ಡೀಸೆಲ್ ಜನರೇಟರಿನಿಂದ ಚಾರ್ಜು ಮಾಡುತ್ತೇನೆಂದ ಹುಡುಗ. ಹಾಗಾದರೆ ಅಜ್ಜನ ಜೀಪೇ ಆಯಿತಲ್ಲ, ಡೀಸೆಲ್ಲಿನದು ಎಂದೆ. ನಕ್ಕ.

ತಂದೆ ಮಗ ಇಬ್ಬರನ್ನೂ ಕೂರಿಸಿ ನಾನು ಹೇಳಿದ್ದಿಷ್ಟು. ಗೇರು ಹಾಕುವ ಸುಖ ಬೇಕೆಂದಿದ್ದರೆ ಪೆಟ್ರೋಲು. ಮಾಡು ತೆರೆದು ಊರು ನೋಡುವ ಸುಖಕ್ಕಾದರೆ ಕರೆಂಟು, ನನ್ನ ಮತ ಕರೆಂಟಿಗೆ. ಆದರೆ ಸಾಲ ಮಾಡಿ ಬೇಡ, ಎರಡು ವರ್ಷದ ಗೊಬ್ಬರ, ಬಟವಾಡೆಯ ಹಣ ಬದಿಗಿಟ್ಟ ಮೇಲೆ ಉಳಿದದ್ದರಲ್ಲಿ ಕೊಳ್ಳುವುದಾದರೆ ಕೊಳ್ಳಲಿ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ಅದರಲ್ಲಿ ಎರಡೇ ಸೀಟಂತಲ್ಲ, ನಾನೂ ಅವಳೂ ಒಟ್ಟಿಗೆ ಕೂರೋ ಹಾಗಿಲ್ಲ" ಎಂದರು. "ಒಬ್ಬೊಬ್ಬರನ್ನೇ ಕರ್ಕೊಂಡು ಹೋಗ್ತೀನಪ್ಪ" ಎಂದ ಮಗ.

ಮುಂಗಡ ಇನ್ನೂ ಕಟ್ಟಿಲ್ಲ. ಗೋದಾಮಿನ ಅರ್ಜಿಯನ್ನು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇನೆ. ಜನವರಿಯಿಂದ ಮೇ ವರೆಗೆ ಅಲ್ಲಿ ಕಾಫಿ, ಮೆಣಸಿನ ಮೂಟೆಗಳಿಗೇ ಜಾಗ ಸಾಲದು, ಹಾಗಾಗಿ ಕೊಡುವುದಾದರೂ ಮಳೆಗಾಲಕ್ಕೆ ಮಾತ್ರ, ಚಾರ್ಜಿಗೆ ಬೇರೆ ಮೀಟರು ಅವರದೇ ಖರ್ಚಿನಲ್ಲಿ ಎಂಬುದು ನನ್ನ ಟಿಪ್ಪಣಿ. ಆಕ್ಷೇಪಣೆಯಿರುವ ಸದಸ್ಯರು ಸಭೆಗೆ ಮುಂಚೆ ಲಿಖಿತವಾಗಿ ಕಚೇರಿಗೆ ತಲುಪಿಸತಕ್ಕದ್ದು.