ಎಲ್ಲರ ವರ್ಚುವಲ್ ಮಷೀನು, ಅಳಿಸುವ ಹಕ್ಕು ಯಾರದು?

ನವಿ ಮುಂಬೈಯ ಕಾಮೋಠೆಯವರು ಮಾನಸರೋವರ ನಿಲ್ದಾಣದಲ್ಲಿ ಠಾಣೆ ಲೋಕಲ್ ಹತ್ತಿದರೆ ಮುಂದೆ ಘನಸೋಲಿ, ರಬಾಳೆ, ಐರೋಲಿ ಸಾಲಾಗಿ ಬರುತ್ತವೆ. ಆ ದಾರಿಯುದ್ದಕ್ಕೂ ಡೇಟಾ ಸೆಂಟರುಗಳು. ಇತ್ತ ಪನ್ವೇಲ್ ಕಡೆ 2020ರಲ್ಲಿ ಯೋಟ್ಟಾದ ಎನ್‌ಎಂ1 ಡೇಟಾ ಸೆಂಟರ್ ತೆರೆಯಿತು. ಅಮೆಜಾನ್ ತನ್ನ ಮುಂಬೈ ಕ್ಲೌಡ್ ವಲಯ ಆರಂಭಿಸಿದ್ದು 2016ರಲ್ಲಿ. ಇಂಥ ಕ್ಲೌಡ್ ಬಳಸುವ ಎಂಜಿನಿಯರು ಡೇಟಾ ಸೆಂಟರಿನ ಕಟ್ಟಡದೊಳಗೆ ಕಾಲಿಡಬೇಕಿಲ್ಲ. ತನಗೆ ಬೇಕಾದ ಯಂತ್ರದ, ಅಂದರೆ ವರ್ಚುವಲ್ ಮಷೀನಿನ, ವಿವರವನ್ನು ಟೆರಾಫಾರ್ಮ್ ಎಂಬ ಉಪಕರಣದ ಕಡತದಲ್ಲಿ ಬರೆದರೆ ಸಾಕು. ಕಡತದಲ್ಲಿ ಬರೆದದ್ದು ಹುಟ್ಟುತ್ತದೆ, ಅಳಿಸಿದ್ದು ಸಾಯುತ್ತದೆ.

ಯಂತ್ರ ನಾಲ್ಕಾರು ತಂಡಗಳಿಗೆ ಸೇರಿದ್ದಾದರೆ ಫಜೀತಿ ಶುರುವಾಗುವುದು ಇಲ್ಲೇ. ಇರುವ ಯಂತ್ರವನ್ನೇ 'ರಿಸೋರ್ಸ್' ಎಂದು ಬರೆದರೆ ಟೆರಾಫಾರ್ಮ್ ಇನ್ನೊಂದನ್ನು ಹುಟ್ಟಿಸಲು ಹೊರಡುತ್ತದೆ. 'ಇಂಪೋರ್ಟ್' ಮಾಡಿಕೊಂಡರೆ ಅದಕ್ಕಿಂತ ಕೆಟ್ಟದ್ದು: ಎರಡು ತಂಡಗಳ ಸ್ಟೇಟ್ ಕಡತಗಳೂ (ಟೆರಾಫಾರ್ಮ್ ತನ್ನ ಯಂತ್ರಗಳ ಲೆಕ್ಕ ಇಡುವ ಕಡತಗಳು) ಅದು ನನ್ನದೇ ಎನ್ನುತ್ತವೆ, ಒಂದು ತಂಡ ಬದಲಿಸಿದ್ದನ್ನು ಇನ್ನೊಂದು ಹಿಂದಿರುಗಿಸುತ್ತದೆ, ಯಾರೋ ಒಬ್ಬರು 'ಡಿಸ್ಟ್ರಾಯ್' ಕೊಟ್ಟರೆ ಎಲ್ಲರ ಕೆಲಸವೂ ಹೋಯಿತು. ಕಾಮೋಠೆಯ ಸೊಸೈಟಿ ಕಟ್ಟಡದಲ್ಲಿ ಗಚ್ಚಿಯ ಟಾಕಿಯಿಂದ ಮನೆಮನೆಗೂ ನಲ್ಲಿ ಉಂಟು, ಟಾಕಿ ಒಡೆಯುವ ಹಕ್ಕು ಯಾವ ಮನೆಗೂ ಇಲ್ಲ. ಟೆರಾಫಾರ್ಮ್‌ನಲ್ಲಿ ಆ ನಲ್ಲಿಯ ಹೆಸರು 'ಡೇಟಾ'. ಅದು ಯಂತ್ರದ ಐಪಿ, ಸಬ್‌ನೆಟ್ ಮುಂತಾದವನ್ನು ಓದುತ್ತದೆ, ಯಂತ್ರವನ್ನು ಮುಟ್ಟುವುದಿಲ್ಲ.

ಓದುವುದರಲ್ಲೂ ಎಚ್ಚರ ಬೇಕು. ಅಮೆಜಾನ್ ಯಂತ್ರವೊಂದನ್ನು ಟ್ಯಾಗ್ ಕೊಟ್ಟು ಹುಡುಕಿದಾಗ ಎರಡು ಸಿಕ್ಕರೆ ಟೆರಾಫಾರ್ಮ್ ದೋಷ ತೋರಿಸಿ ನಿಲ್ಲುತ್ತದೆ. ಊಹಿಸಿ ಒಂದನ್ನು ಹಿಡಿಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಯಂತ್ರದ ಇಮೇಜನ್ನು 'ಮೋಸ್ಟ್ ರೀಸೆಂಟ್' ಎಂದು ಕೇಳಿದರೆ ಅದು ಸದ್ದಿಲ್ಲದೆ ಹೊಸದನ್ನು ಹಿಡಿಯುತ್ತದೆ, ಟೆರಾಫಾರ್ಮ್ ಮುಂಚಿತವಾಗಿ ತೋರಿಸುವ ಬದಲಾವಣೆಗಳ ಪಟ್ಟಿಯಲ್ಲಿ, ಅಂದರೆ ಮುಂದಿನ ಪ್ಲಾನ್‌ನಲ್ಲಿ ಹಳೆಯ ಯಂತ್ರ ಕೆಡವಿ ಹೊಸದು ಕಟ್ಟುವ ಸಾಲು ಕಾಣಿಸಿಕೊಳ್ಳುತ್ತದೆ. ಇಮೇಜಿನ ಮಾಲೀಕರನ್ನು ನಮೂದಿಸದಿದ್ದರಂತೂ ಹಳೆಯ ಆವೃತ್ತಿಗಳಲ್ಲಿ ಅದೇ ಬಗೆಯ ಹೆಸರಿಟ್ಟ ಅಪರಿಚಿತರ ಇಮೇಜೂ ಒಳಬರಬಹುದಿತ್ತು. ಡೇಟಾಡಾಗ್ ಕಂಪನಿಯ ಸಂಶೋಧಕರು 2025ರ ಫೆಬ್ರುವರಿಯಲ್ಲಿ 'ಹೂಆಮಿ' ಎಂಬ ಹೆಸರಿನಲ್ಲಿ ಬಯಲು ಮಾಡಿದ್ದು ಇದನ್ನೇ.

ಇನ್ನೊಂದು ತಂಡದ ಸ್ಟೇಟ್ ಕಡತವನ್ನೇ ಓದುವ ದಾರಿಯೂ ಇದೆ. ನನಗೆ ಅದು ಒಗ್ಗದು: ಒಂದು ಐಡಿ ಬೇಕೆಂದರೂ ಪೂರ್ತಿ ಕಡತ ಓದುವ ಅನುಮತಿ ಬೇಕು, ಅದರೊಳಗೆ ಪಾಸ್‌ವರ್ಡ್ ಇದ್ದರೂ ಇರಬಹುದು. ಬೇಕಾದ ಐಡಿಯನ್ನಷ್ಟೇ ಮಾಲೀಕ ತಂಡ ಬೇರೆ ಕಡೆ ಪ್ರಕಟಿಸುವುದು ಸರಿ.

ಮಾಲೀಕ ತಂಡ ಅಳಿಸುವುದನ್ನು ತಡೆಯುವ 'ಪ್ರಿವೆಂಟ್ ಡಿಸ್ಟ್ರಾಯ್' ಬರೆದು ನಿಶ್ಚಿಂತೆಯಾಗಿರುವುದೂ ತಪ್ಪು. ರಿಸೋರ್ಸ್ ಬ್ಲಾಕನ್ನೇ ಕಡತದಿಂದ ಕಿತ್ತರೆ ಆ ಕಾವಲೂ ಅದರೊಂದಿಗೇ ಹೋಗುತ್ತದೆ. ಕ್ಲೌಡ್‌ನಲ್ಲೇ ಟರ್ಮಿನೇಷನ್ ಪ್ರೊಟೆಕ್ಷನ್ ಹಾಕಿಡಿ, ಉಳಿದ ತಂಡಗಳಿಗೆ ಓದುವ ಅನುಮತಿ ಮಾತ್ರ ಕೊಡಿ. ಪ್ಲಾನ್‌ನ ಕೊನೆಯಲ್ಲಿ ಎಷ್ಟು ಅಳಿಯಲಿದೆ ಎಂಬ ಅಂಕಿ ಇರುತ್ತದೆ. ಅದು ಸೊನ್ನೆಯಲ್ಲದಿದ್ದರೆ ಯಾವುದು ಅಳಿಯುತ್ತದೆಂದು ತಿಳಿಯುವವರೆಗೆ 'ಯೆಸ್' ಎಂದು ಟೈಪಿಸಬೇಡಿ.