ಸೂರ್ಯಕಾಂತಿಯಲ್ಲಿ ಬಿತ್ತನೆ ಬೀಜದ ಆಯ್ಕೆ

ಕೊಯ್ಲಿನ ಕಾಲದಲ್ಲಿ ಹೊಲವನ್ನು ಸುತ್ತಿ, ಎಲ್ಲಕ್ಕಿಂತ ದೊಡ್ಡ ತೆನೆಗಳನ್ನು ಮುಂದಿನ ಬಿತ್ತನೆಗಾಗಿ ತೆಗೆದಿಡುವ ವಾಡಿಕೆ ನಮ್ಮ ರೈತರಲ್ಲುಂಟು. ರಾಗಿಯು ಬಹುಮಟ್ಟಿಗೆ ಸ್ವಂತ ಪರಾಗದಿಂದಲೇ ಕಾಳು ಕಟ್ಟುವ ಪೈರಾದುದರಿಂದ ಅದರಲ್ಲಿ ಈ ಕ್ರಮವು ಅಷ್ಟಿಷ್ಟು ಫಲಿಸುವುದು. ಸೂರ್ಯಕಾಂತಿಯಲ್ಲಾದರೋ ರೈತನು ಮೋಸಹೋಗುವನು.

ಇಂತಹ ತೆನೆಗಳು ದೊರೆಯುವ ಸ್ಥಳವನ್ನು ಗಮನಿಸತಕ್ಕದ್ದು. ಬದುವಿನ ಅಂಚು, ಮೊಳಕೆ ತಪ್ಪಿ ಸಾಲು ವಿರಳವಾದೆಡೆ, ಗೊಬ್ಬರದ ಗುಡ್ಡೆ ಹಾಕಿದ್ದ ಜಾಗ. ಅಲ್ಲಿ ಬಿಸಿಲು, ತೇವ, ಸಾರಗಳು ಹೆಚ್ಚಾಗಿ ಲಭಿಸಿದುದರಿಂದ ತೆನೆ ಹಿಗ್ಗಿತು. ನೆಲದ ಈ ಉಪಕಾರವು ಮರಿಗಿಡಕ್ಕೆ ದಾಟುವುದಿಲ್ಲ.

ಗಿಡಗಿಡಗಳ ನಡುವಣ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲಿಗೆ ಆನುವಂಶಿಕತೆಯೆಂದು ಹೆಸರು. ಲೆಕ್ಕದ ಮಾದರಿಗಾಗಿ, ಹೊಲದ ತೆನೆಗಳ ಸರಾಸರಿ ಅಗಲ 6 ಅಂಗುಲ, ಆಯ್ದವುಗಳದು 10 ಅಂಗುಲ, ವಂಶದ ಪಾಲು ನಾಲ್ಕರಲ್ಲೊಂದು ಎಂದಿಟ್ಟುಕೊಳ್ಳೋಣ. ಹೆಚ್ಚಳದ 4 ಅಂಗುಲದಲ್ಲಿ ಸಂತತಿಗೆ ನಿರೀಕ್ಷಿಸಬಹುದಾದುದು 1 ಅಂಗುಲ. ಅದೂ ತಂದೆತಾಯಿಗಳೆರಡನ್ನೂ ಆಯ್ದಿದ್ದರೆ. ಜೇನುಹುಳುವು ಯಾವ ಬಡಗಿಡದ ಪರಾಗವನ್ನು ತಂದಿತ್ತೋ ಬಲ್ಲವರಾರು? ತಾಯಿಯನ್ನು ಮಾತ್ರ ಆಯ್ದುದರಿಂದ ಅರ್ಧ ಅಂಗುಲವೇ ಉಳಿಯಿತು.

ಎಣ್ಣೆಯ ಅಂಶದಲ್ಲಿ ವಂಶದ ಪಾಲು ಇಳುವರಿಯಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ರಷ್ಯಾದ ಕ್ರಾಸ್ನೊದಾರಿನಲ್ಲಿ 1912ರಿಂದ ದುಡಿದ ವಿ. ಎಸ್. ಪುಸ್ತೊವೊಯ್ತ್ ಎಂಬವರು ಕೆಲವು ದಶಕಗಳಲ್ಲಿ ಅದನ್ನು ಶೇಕಡ 30ರ ಆಸುಪಾಸಿನಿಂದ 50ರವರೆಗೆ ಏರಿಸಿದರು. ಕಾಳಿನ ಸಿಪ್ಪೆ ತೆಳುವಾದುದೂ ಇದಕ್ಕೊಂದು ಕಾರಣ. ಆಯ್ದ ಪ್ರತಿಯೊಂದು ತೆನೆಯ ಬೀಜದಲ್ಲಿ ಸ್ವಲ್ಪವನ್ನು ಬೇರೆಬೇರೆ ಸಾಲುಗಳಲ್ಲಿ ಬಿತ್ತಿ, ಉಳಿದುದನ್ನು ಕಾದಿರಿಸುವುದು ಅವರ ಕ್ರಮ. ಯಾವ ಸಾಲಿನ ಸಂತತಿ ಉತ್ತಮವೆಂದು ತಿಳಿದ ಬಳಿಕ, ಆ ತೆನೆಗಳ ಕಾದಿಟ್ಟ ಬೀಜವನ್ನೇ ಪ್ರತ್ಯೇಕ ಸ್ಥಳದಲ್ಲಿ ಬಿತ್ತಿ, ಅವುಗಳೊಳಗೇ ಪರಾಗ ಕೂಡುವಂತೆ ಮಾಡುತ್ತಿದ್ದರು. ಹೀಗೆ ತಾಯಿಯ ಬೆಲೆಯನ್ನು ಮಕ್ಕಳಿಂದ ಕಟ್ಟಿದಂತಾಯಿತು. 1969ರಲ್ಲಿ ಭಾರತಕ್ಕೆ ಬಂದ ಪೆರೆದೋವಿಕ್ ತಳಿಯು ಈ ಕೆಲಸದ ಫಲವೇ.

ಸಂಕರ ತಳಿಗಳ ಮಾತು ಬೇರೆ. 1980ರಲ್ಲಿ ಬೆಂಗಳೂರಿನಿಂದ ಬಿ.ಎಸ್.ಎಚ್.-1 ಹೊರಬಂದ ತರುವಾಯ ಇವು ನಮ್ಮಲ್ಲಿ ಹರಡಿದುವು. ಇವುಗಳ ತೆನೆಯ ಬೀಜವನ್ನು ಬಿತ್ತಿದರೆ ಗುಣಗಳು ಒಡೆದು, ಗಿಡಗಳು ಎತ್ತರ ತಗ್ಗಾಗಿ, ಹೂ ಹಿಂದುಮುಂದಾಗಿ ಬರುವುವು; ಕೆಲವು ಪರಾಗವನ್ನೇ ಬಿಡುವುದಿಲ್ಲ. ಬೀಜದ ಹಣವನ್ನು ಉಳಿಸಹೋಗಿ ಬೆಳೆಯನ್ನು ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಸಂಕರ ಬೀಜವನ್ನು ವರ್ಷವರ್ಷವೂ ಹೊಸದಾಗಿಯೇ ಕೊಳ್ಳತಕ್ಕದ್ದು.

ಸಂಕರವಲ್ಲದ ತಳಿಯನ್ನು ಬೆಳೆಯುವವರು ಬೀಜ ಉಳಿಸಬಹುದು. ಹೂ ಅರಳುವ ಮುನ್ನವೇ ರೋಗ ತಗುಲಿದ ಮತ್ತು ಕವಲೊಡೆದ ಗಿಡಗಳನ್ನು ಕಿತ್ತುಹಾಕಬೇಕು. ಅನಂತರ ಬದುವಿನ ಸಾಲುಗಳನ್ನು ಬಿಟ್ಟು, ಸುತ್ತಲೂ ನೆರೆಗಿಡಗಳು ಒತ್ತಾಗಿರುವೆಡೆಯಲ್ಲಿಯೂ ಕಾಳು ತುಂಬಿದ ತೆನೆಗಳನ್ನು ಆರಿಸಬೇಕು. ಇವು ಹಲವು ಹತ್ತು ಗಿಡಗಳಾದರೂ ಇರಲಿ. ಎರಡು ಮೂರನ್ನೇ ನೆಚ್ಚಿದರೆ ಕೆಲವೇ ವರ್ಷಗಳಲ್ಲಿ ತಳಿಯು ಸೊರಗುವುದು.