ಹತ್ತಿ, ಫೆಲ್ಟು, ಹಿಡಿಯಷ್ಟು ಗಾಳಿ

ಜಪಾನಿನ ಫಾಸ್ಟೆಕ್ಸ್ ಕಂಪನಿಯ ಟಿ50ಆರ್‌ಪಿ ಹೆಡ್‌ಫೋನಿನದು ವಿಚಿತ್ರ ಕೀರ್ತಿ. ಸ್ಟುಡಿಯೋಗಳಲ್ಲಿ ದುಡಿಯಲೆಂದು ಮಾಡಿದ, ನೋಡಲು ಅಷ್ಟೇನೂ ಚೆಂದವಿಲ್ಲದ ಈ ಕಪ್ಪು ಪ್ಲಾಸ್ಟಿಕ್ಕಿನ ಸಾಧನವನ್ನು ಅನೇಕರು ಕೊಳ್ಳುವುದೇ ಬಿಚ್ಚುವುದಕ್ಕೆ. ಪ್ಯಾಡ್ ಎಳೆದು ತೆಗೆದು, ಅದರಡಿಯ ಸ್ಕ್ರೂಗಳನ್ನು ಬಿಚ್ಚಿ, ಒಳಗೆ ಹತ್ತಿ ತುಂಬಿ, ಮಕ್ಕಳು ಗೊಂಬೆ ಮಾಡುವ ಕ್ಲೇ ಮೆತ್ತಿ, ಗಾಳಿಕಿಂಡಿಗೆ ಟೇಪು ಅಂಟಿಸಿ ಮತ್ತೆ ಮುಚ್ಚುತ್ತಾರೆ. ಅಮೆರಿಕದ ಡ್ಯಾನ್ ಕ್ಲಾರ್ಕ್ ಹೀಗೆ ತಿದ್ದಿದ ಟಿ50ಆರ್‌ಪಿಗಳನ್ನು ‘ಮ್ಯಾಡ್ ಡಾಗ್’ ಎಂಬ ಹೆಸರಿನಲ್ಲಿ ಮಾರತೊಡಗಿದರು. ಅದರ ಮುಂದಿನ ‘ಆಲ್ಫಾ ಡಾಗ್’ನಲ್ಲಿ ಫಾಸ್ಟೆಕ್ಸಿನ ಡ್ರೈವರನ್ನು ಇಟ್ಟುಕೊಂಡು ಬಟ್ಟಲುಗಳನ್ನು 3ಡಿ ಪ್ರಿಂಟರಿನಲ್ಲಿ ತಾವೇ ಮಾಡಿದರು. ಈಗ ಅವರ ಹೆಸರಿನದೇ ಕಂಪನಿಯಿದೆ, ಸ್ವಂತ ಡ್ರೈವರುಗಳಿವೆ. ಮರದ ಬಟ್ಟಲಿನ ದುಬಾರಿ ಹೆಡ್‌ಫೋನುಗಳಿಗೆ ಹೆಸರಾದ ಝಡ್‌ಎಂಎಫ್ ಕಂಪನಿ ಶುರುವಾದದ್ದೂ ಇದೇ ಟಿ50ಆರ್‌ಪಿಯನ್ನು ತಿದ್ದುವುದರಿಂದ.

ಸದ್ದು ಮಾಡುವ ಡ್ರೈವರನ್ನು ಮುಟ್ಟದೆ ಸದ್ದು ಹೇಗೆ ಬದಲಾಯಿತು? ಹೆಡ್‌ಫೋನಿನ ಜಾಹೀರಾತುಗಳೆಲ್ಲ ಡ್ರೈವರಿನ ಅಳತೆಯನ್ನೇ ದಪ್ಪ ಅಕ್ಷರದಲ್ಲಿ ಹೇಳುತ್ತವೆ. ನಮ್ಮ ಕಿವಿಗೆ ತಲುಪುವ ಸ್ವರವನ್ನು ತೀರ್ಮಾನಿಸುವುದರಲ್ಲಿ ಅಷ್ಟೇ ದೊಡ್ಡ ಪಾಲು ಡ್ರೈವರಿನ ಹಿಂದಿನ ಹಾಗೂ ಮುಂದಿನ ಹಿಡಿಯಷ್ಟು ಗಾಳಿಯದು. ತಿದ್ದುವವರು ತಿದ್ದುವುದು ಆ ಗಾಳಿಯನ್ನು.

ಟಿ50ಆರ್‌ಪಿಯ ಒಳಗಿರುವುದು ನಾವು ಸಾಮಾನ್ಯವಾಗಿ ನೋಡುವ ಕೋನಾಕಾರದ ಪುಟ್ಟ ಸ್ಪೀಕರ್ ಅಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಗೆರೆಗಳನ್ನು ಹಾವಿನಂತೆ ಅತ್ತಿತ್ತ ಹರಿಸಿದ್ದಾರೆ. ಹಾಳೆಯ ಎರಡೂ ಬದಿಗೆ ಅಯಸ್ಕಾಂತಗಳು. ಗೆರೆಗಳಲ್ಲಿ ಹಾಡಿನ ವಿದ್ಯುತ್ ಹರಿದಾಗ ಇಡೀ ಹಾಳೆ ಒಟ್ಟಿಗೆ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ಹೀಗೆ ಸರಿಯುವಾಗ ಮುಂದೆ ಎಷ್ಟು ಸದ್ದು ಹೊರಡುತ್ತದೋ ಹಿಂದೆಯೂ ಅಷ್ಟೇ ಹೊರಡುತ್ತದೆ, ತಿರುವುಮುರುವಾಗಿ. ಮುಂದಿನ ಸದ್ದು ಕಿವಿಗೆ ಹೋಗುತ್ತದೆ, ಸರಿ. ಹಿಂದಿನದು?

ಅದು ಬಟ್ಟಲಿನ ಗೋಡೆಗೆ ಬಡಿದು ವಾಪಸ್ಸು ಬರುತ್ತದೆ. ಅಷ್ಟು ತೆಳುವಾದ ಹಾಳೆ ಸದ್ದಿಗೆ ಗೋಡೆಯಾಗಿ ನಿಲ್ಲಲಾರದು. ಮರಳಿದ ಸದ್ದಿನ ಒಂದಂಶ ಅದನ್ನು ದಾಟಿ, ಒಂದಿಷ್ಟು ತಡವಾಗಿ, ಕಿವಿಗೆ ಬಂದು ಸೇರುತ್ತದೆ. ಬಟ್ಟಲಿನ ಒಳ ಅಗಲ ಸುಮಾರು 6 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಹಿಡಿಸುವುದು 2,860 ಹರ್ಟ್ಸ್ ಆಸುಪಾಸಿನಲ್ಲಿ. ಆ ಸ್ವರ ಬಂದಾಗಲೆಲ್ಲ ಬಟ್ಟಲು ತಾನೂ ಜೊತೆಗೂಡಿ ಹಾಡುತ್ತದೆ, ಹಾಡು ನಿಂತ ಮೇಲೂ ಒಂದು ಕ್ಷಣ ಮುಂದುವರಿಸುತ್ತದೆ. ದುರದೃಷ್ಟಕ್ಕೆ ಮನುಷ್ಯರ ಕಿವಿ ಅತಿ ಸೂಕ್ಷ್ಮವಾಗಿರುವುದೂ 2,000ದಿಂದ 5,000 ಹರ್ಟ್ಸ್‌ವರೆಗಿನ ಈ ಸೀಮೆಯಲ್ಲೇ. ಗಾಯಕಿಯ ದನಿ ಡಬ್ಬದೊಳಗಿಂದ ಬಂದಂತೆ ಕೇಳುವುದಕ್ಕೆ, ತಾರಸ್ಥಾಯಿಯಲ್ಲಿ ಪಿಟೀಲು ಕಿವಿಗೆ ಚುಚ್ಚುವುದಕ್ಕೆ ಇಂಥದ್ದೊಂದು ಅನುರಣನ ಸಾಕು.

ಇದಕ್ಕೆ ಮದ್ದು ಹತ್ತಿ. ಎಳೆಗಳ ನಡುವೆ ಹಿಂದೆ ಮುಂದೆ ಹೋಗಬೇಕಾದ ಗಾಳಿ ಉಜ್ಜಿ ಉಜ್ಜಿ ಶಕ್ತಿ ಕಳೆದುಕೊಳ್ಳುತ್ತದೆ. ಸದ್ದು ಅಳೆಯಲಾರದಷ್ಟು ಅಲ್ಪ ಬಿಸಿಯಾಗಿ ಮುಗಿಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಗೋಡೆಗೆ ತಾಗಿದಂತಿರುವ ಗಾಳಿ ಚಲಿಸುವುದೇ ಇಲ್ಲ, ಅಲ್ಲಿ ಒತ್ತಡವಷ್ಟೇ ಏರಿಳಿಯುತ್ತದೆ. ಚಲನೆ ಅತಿ ಹೆಚ್ಚಿರುವುದು ಗೋಡೆಯಿಂದ ಕಾಲು ತರಂಗದಷ್ಟು ದೂರದಲ್ಲಿ. 3,000 ಹರ್ಟ್ಸ್‌ಗೆ ಅದು ಹೆಚ್ಚುಕಡಿಮೆ 3 ಸೆಂಟಿಮೀಟರ್. ಆದ್ದರಿಂದ ತೆಳು ಫೆಲ್ಟನ್ನು ಗೋಡೆಗೆ ಅಂಟಿಸಿ ಕೈತೊಳೆದುಕೊಂಡರೆ ತೀರಾ ಎತ್ತರದ ಸ್ವರಗಳಷ್ಟೇ ತಗ್ಗುತ್ತವೆ, ತೊಂದರೆ ಕೊಡುವ ಸ್ವರ ಹಾಗೆಯೇ ಉಳಿಯುತ್ತದೆ. ಮೆಡಿಕಲ್ ಶಾಪಿನ ಹತ್ತಿಯನ್ನೇ ಚೆನ್ನಾಗಿ ಹಿಂಜಿ, ಅಮುಕದೆ, ಬಟ್ಟಲಿನ ನಡುವೆ ಹಗುರವಾಗಿ ನಿಲ್ಲುವಂತೆ ತುಂಬುವುದು ಹೆಚ್ಚು ಫಲ ಕೊಡುತ್ತದೆ. ಎಳೆಗಳು ಡ್ರೈವರಿನತ್ತ ಹೋಗದಂತೆ ನಡುವೆ ತೆಳುಬಟ್ಟೆಯ ತಡೆ ಬೇಕು.

ಹತ್ತಿ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ, ಅದಕ್ಕೆ ನ್ಯೂಟನ್ನನ ತನಕ ಹೋಗಬೇಕು. ಗಾಳಿಯಲ್ಲಿ ಸದ್ದಿನ ವೇಗವನ್ನು ಲೆಕ್ಕ ಹಾಕಿದ ನ್ಯೂಟನ್‌ಗೆ ಸಿಕ್ಕ ಉತ್ತರ ನಿಜದ ವೇಗಕ್ಕಿಂತ ಶೇಕಡಾ 15ರಷ್ಟು ಕಡಿಮೆಯಿತ್ತು. ಒತ್ತಿದಾಗಲೂ ಹಿಗ್ಗಿದಾಗಲೂ ಗಾಳಿಯ ಉಷ್ಣತೆ ಒಂದೇ ಆಗಿರುತ್ತದೆಂದು ಆತ ಭಾವಿಸಿದ್ದ. ಸದ್ದಿನ ಒತ್ತಡ ಎಷ್ಟು ಬೇಗ ಏರಿಳಿಯುತ್ತದೆಂದರೆ ಒತ್ತಿದ ಕಡೆ ಹುಟ್ಟಿದ ಬಿಸಿ ಪಕ್ಕಕ್ಕೆ ಹೋಗಲು ವ್ಯವಧಾನವೇ ಇರುವುದಿಲ್ಲ. ಹಾಗಾಗಿ ಗಾಳಿ ಆತ ಎಣಿಸಿದ್ದಕ್ಕಿಂತ ಗಡುಸಾಗಿ ವರ್ತಿಸುತ್ತದೆ. ಇದನ್ನು 1816ರಲ್ಲಿ ತಿದ್ದಿದವನು ಫ್ರಾನ್ಸಿನ ಲಾಪ್ಲಾಸ್. ಹತ್ತಿ ತುಂಬಿದ ಬಟ್ಟಲಿನಲ್ಲಿ ಮಾತ್ರ ನ್ಯೂಟನ್ನನ ಲೆಕ್ಕ ಸರಿಯಾಗತೊಡಗುತ್ತದೆ! ಮಂದ್ರ ಸ್ವರಗಳಲ್ಲಿ ಒತ್ತಡದ ಬಿಸಿಯನ್ನು ಪಕ್ಕದ ಎಳೆಗಳು ಹೀರಿಕೊಂಡು ಮತ್ತೆ ಹಿಂದಿರುಗಿಸುತ್ತವೆ, ಗಾಳಿ ಮೆದುವಾಗುತ್ತದೆ. ಡ್ರೈವರಿನ ಪಾಲಿಗೆ ಬಟ್ಟಲು ತನ್ನ ನಿಜವಾದ ಗಾತ್ರಕ್ಕಿಂತ ದೊಡ್ಡದಾದಂತೆ. ಲೆಕ್ಕದ ಪ್ರಕಾರ ಗರಿಷ್ಠ 1.4 ಪಟ್ಟು, ನಿಜದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಹಾಗೆಂದು ಹತ್ತಿಯನ್ನು ತುರುಕಿದರೆ ಎಳೆಗಳೇ ಜಾಗ ತಿನ್ನುತ್ತವೆ, ಗಳಿಸಿದ್ದು ಹೋಗುತ್ತದೆ.

ಗಾಳಿಕಿಂಡಿಯ ಕಥೆಯೂ ಇದಕ್ಕೆ ಹೊಂದಿಕೊಂಡದ್ದೇ. ಟಿ50ಆರ್‌ಪಿ ಪೂರ್ತಿ ಮುಚ್ಚಿದ ಹೆಡ್‌ಫೋನಲ್ಲ, ಬಟ್ಟಲಿನಲ್ಲಿ ಹೊರಕ್ಕೆ ಕಿಂಡಿಯಿದೆ. ಕಿಂಡಿ ಮುಚ್ಚಿದರೆ ಒಳಗಿನ ಗಾಳಿ ಬಿಗಿಯಾದ ಸ್ಪ್ರಿಂಗಿನಂತಾಗಿ ಹಾಳೆಯನ್ನು ಹಿಂದಕ್ಕೆ ತಳ್ಳುತ್ತದೆ. ತೀರಾ ತಳದ ಬೇಸ್ ಒಂದಿಷ್ಟು ಕುಗ್ಗುತ್ತದೆ, ಅದರ ಮೇಲಿನದು ಕಟ್ಟುನಿಟ್ಟಾಗುತ್ತದೆ. ಪೂರ್ತಿ ತೆರೆದಿಟ್ಟರೆ ಬಸ್ಸಿನಲ್ಲಿ ಪಕ್ಕದವರಿಗೂ ನಿಮ್ಮ ಹಾಡಿನಲ್ಲಿ ಪಾಲು. ನಡುವಿನ ದಾರಿಯೆಂದರೆ ಕಿಂಡಿಗೆ ಫೆಲ್ಟಿನ ತುಂಡು: ಗಾಳಿ ಹೋಗುತ್ತದೆ, ತೆವಳಿಕೊಂಡು. ತೆಳು ಫೆಲ್ಟು, ದಪ್ಪ ಫೆಲ್ಟು, ಎರಡು ಪದರ ಎಂದು ಬದಲಾಯಿಸಿ ನೋಡುವುದರಲ್ಲೇ ಸಂಜೆಗಳು ಕಳೆದುಹೋಗುತ್ತವೆ.

ಕ್ಲೇ ಮೆತ್ತುವುದರ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಪ್ಲಾಸ್ಟಿಕ್ ಬಟ್ಟಲು ಅದುರಬಾರದೆಂದು ಅದರ ಗೋಡೆಗೆ ತೂಕ ಕೊಡುತ್ತಾರೆ. ಬೆರಳಿನಿಂದ ತಟ್ಟಿದರೆ ಮೊದಲು ಟೊಳ್ಳು ಸದ್ದು ಬರುತ್ತಿದ್ದ ಕಡೆ ಆಮೇಲೆ ದಪ್ ಎನ್ನುವುದು ನಿಜ. ಡ್ರೈವರಿನ ಹಾಳೆ ಎಷ್ಟು ಹಗುರವೆಂದರೆ ಅದು ಬಟ್ಟಲನ್ನು ಬೆರಳಿನಷ್ಟು ಜೋರಾಗಿ ಎಂದೂ ತಟ್ಟುವುದಿಲ್ಲ. ಕ್ಲೇಯಿಂದ ಆಗುವ ಬದಲಾವಣೆಯಲ್ಲಿ ಹೆಚ್ಚಿನದು ಅದು ಬಟ್ಟಲಿನ ಗಾಳಿಯ ಜಾಗ ಕಬಳಿಸುವುದರಿಂದಲೇ ಇರಬೇಕು. ಕುತ್ತಿಗೆಗಂತೂ ತೂಕ ಗೊತ್ತಾಗುತ್ತದೆ.

ಆ ಹಾಳೆಗೆ ಮಾತ್ರ ಏನೂ ತಗುಲಬಾರದು. ಅದುರುವ ಪೊರೆಗೆ ತೂಕ ಸೇರಿಸಿದರೆ ಏನಾಗುತ್ತದೆಂದು ಮೃದಂಗದವರಿಗೆ ಹೇಳಿಕೊಡಬೇಕಿಲ್ಲ. ಕಛೇರಿಗೆ ಮುಂಚೆ ಎಡಬದಿಗೆ ರವೆ ಕಲಸಿ ಮೆತ್ತಿ ಸ್ವರ ಇಳಿಸುತ್ತಾರೆ, ಬಲಬದಿಯಲ್ಲಿ ಕಪ್ಪು ಕರಣೆಯಿದೆ. ಆ ಕರಣೆಯ ತೂಕದಿಂದಲೇ ಚರ್ಮದ ಒರಟು ಸದ್ದು ಶ್ರುತಿಬದ್ಧ ಸ್ವರವಾಗುತ್ತದೆಂದು ಸಿ.ವಿ. ರಾಮನ್ 1920ರಲ್ಲಿ ಶಿವಕಾಲಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು, ಬೆಂಗಳೂರಿಗೆ ಬಂದ ಮೇಲೆ 1930ರ ದಶಕದಲ್ಲಿ ಮತ್ತೆ ವಿವರವಾಗಿ ಕೈಗೆತ್ತಿಕೊಂಡರು. ಹೆಡ್‌ಫೋನಿನ ಹಾಳೆಗಾದರೋ ಉದುರಿದ ಒಂದು ತಲೆಗೂದಲು ಸಾಕು, ಬೇಸ್ ಬಂದಾಗಲೆಲ್ಲ ಜರ್ ಎನ್ನುತ್ತದೆ. ಕಬ್ಬಿಣದ ಚೂರುಗಳಿರುವ ಮೇಜಿನ ಮುಂದೆ ಈ ಕೆಲಸಕ್ಕೆ ಕೂರಬೇಡಿ. ಸ್ಕ್ರೂಡ್ರೈವರನ್ನೂ ಗಟ್ಟಿಯಾಗಿ ಹಿಡಿಯಬೇಕು, ಅಯಸ್ಕಾಂತ ಅದನ್ನು ಸೆಳೆದುಕೊಂಡರೆ ಹಾಳೆಗೆ ತೂತು ಬಿದ್ದ ಹಾಗೆಯೇ.

ಇಷ್ಟೆಲ್ಲ ಹಿಂದಿನ ಗಾಳಿಯ ಮಾತಾಯಿತು. ಮುಂದಿನ ಗಾಳಿ ಪ್ಯಾಡಿನ ಕೈಯಲ್ಲಿದೆ. 20 ಹರ್ಟ್ಸ್‌ನ ತರಂಗ 17 ಮೀಟರ್ ಉದ್ದ. ಕಿವಿಗೂ ಡ್ರೈವರಿಗೂ ನಡುವಿನ ಬೆರಳಗಲದ ಜಾಗದಲ್ಲಿ ಅದು ತರಂಗವಾಗಿ ಓಡಾಡುವ ಪ್ರಶ್ನೆಯೇ ಇಲ್ಲ. ಅಲ್ಲಿ ನಡೆಯುವುದು ಬರೀ ಗಾಳಿ ಒತ್ತುವ ಕೆಲಸ: ಹಾಳೆ ಮುಂದೆ ಬಂದರೆ ಒತ್ತಡ ಏರುತ್ತದೆ, ಹಿಂದೆ ಹೋದರೆ ಇಳಿಯುತ್ತದೆ. ಪ್ಯಾಡು ಕೆನ್ನೆಗೆ ಸರಿಯಾಗಿ ಕೂರದೆ ಸಣ್ಣ ಸಂದಿಯಿದ್ದರೂ ಆ ಒತ್ತಡ ಸೋರಿಹೋಗುತ್ತದೆ, ಬೇಸ್ ಮಾಯ. ಇದನ್ನು ನೋಡಲು ಬಿಚ್ಚಬೇಕಿಲ್ಲ, ಕೊಳ್ಳಬೇಕಿಲ್ಲ. ಯಾವುದೇ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ತಬಲಾದ ಡಗ್ಗಾ ಚೆನ್ನಾಗಿ ಕೇಳುವ ಹಾಡು ಹಚ್ಚಿ. ಕನ್ನಡಕ ಹಾಕಿ ಕೇಳಿ, ತೆಗೆದು ಕೇಳಿ, ಆಮೇಲೆ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಕೇಳಿ. ಕನ್ನಡಕದ ಕಡ್ಡಿ ಪ್ಯಾಡಿನಡಿ ಮಾಡುವ ಸಂದಿ ಎಷ್ಟನ್ನು ಕದಿಯುತ್ತದೆಂದು ಗೊತ್ತಾಗುತ್ತದೆ.

ಹೀಗಾಗಿ ಹಳೆಯ ಹೆಡ್‌ಫೋನಿಗೆ ನಾನು ಹೇಳುವ ಮೊದಲ ರಿಪೇರಿ ಹೊಸ ಪ್ಯಾಡು. ಒಳಗಿನ ಸ್ಪಂಜು ಅಮುಕಿ ಚಪ್ಪಟೆಯಾಗಿ, ಮೇಲಿನ ರೆಕ್ಸಿನ್ ಹುರುಪೆ ಎದ್ದಿದ್ದರೆ ಡ್ರೈವರು ಕಿವಿಗೆ ಹತ್ತಿರ ಬಂದಿರುತ್ತದೆ, ಸೋರಿಕೆಯೂ ಶುರುವಾಗಿರುತ್ತದೆ. ಹೊಸತು ಕೊಳ್ಳುವಾಗ ಬಟ್ಟೆಯದು ಬೇಕೋ ರೆಕ್ಸಿನ್ನಿನದೋ ಎಂಬುದು ಬರೀ ಸೆಕೆಯ ಪ್ರಶ್ನೆಯಲ್ಲ. ಬಟ್ಟೆ ಸೋರುತ್ತದೆ, ಬೇಸ್ ಕಡಿಮೆ. ರೆಕ್ಸಿನ್ ಹಿಡಿದಿಡುತ್ತದೆ, ಬೆವರು ಹೆಚ್ಚು.

ಇನ್ನು ‘ಒಳ್ಳೆಯ ಸದ್ದು’ ಎಂದರೆ ಯಾವುದು? ಎಲ್ಲ ಸ್ವರಗಳನ್ನೂ ಸಮನಾಗಿ ಕೊಡುವುದು ಎನ್ನುವಂತಿಲ್ಲ. ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದು ತಾನಾಗಿಯೇ 3,000 ಹರ್ಟ್ಸ್ ಸುತ್ತಮುತ್ತಲನ್ನು ಎತ್ತಿ ಕೊಡುತ್ತದೆ. ಹೊರಕಿವಿ, ತಲೆ, ಭುಜಗಳೂ ಹೊರಗಿನ ಸದ್ದನ್ನು ತಿದ್ದಿಯೇ ಒಳಗೆ ಬಿಡುತ್ತವೆ. ಹುಟ್ಟಿದಾಗಿನಿಂದ ಹಾಗೆ ಕೇಳಿದ ಮಿದುಳಿಗೆ ಅದೇ ಸಹಜ. ಕಿವಿಗೇ ಅಂಟಿಕೊಂಡು ಕೂರುವ ಹೆಡ್‌ಫೋನು ಈ ತಿದ್ದುಪಡಿಯಲ್ಲಿ ಕೆಲವನ್ನು ತಪ್ಪಿಸಿಬಿಡುವುದರಿಂದ ಅದನ್ನು ತಾನೇ ಸೇರಿಸಿ ಕೊಡಬೇಕಾಗುತ್ತದೆ. ಎಷ್ಟು ಸೇರಿಸಬೇಕೆಂಬ ಬಗ್ಗೆ ಜರ್ಮನಿಯ ಗುಂಟರ್ ಥೀಲೆ 1986ರಲ್ಲಿ ಒಂದು ಉತ್ತರ ಕೊಟ್ಟರು. ಕಳೆದ ದಶಕದಲ್ಲಿ ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರನ್ನೇ ಕೂರಿಸಿ ಪರೀಕ್ಷಿಸಿ ಇನ್ನೊಂದು ಉತ್ತರ ಕೊಟ್ಟರು: ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿನಂತೆ ಕೇಳುವ ಹೆಡ್‌ಫೋನೇ ಹೆಚ್ಚು ಜನಕ್ಕೆ ಇಷ್ಟ. ಬೆಲೆಗೂ ಇದಕ್ಕೂ ನಂಟಿದೆಯೇ? ಯೆರೂನ್ ಬ್ರೇಬಾರ್ಟ್ 2017ರಲ್ಲಿ 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಸ್ವರಗಳ ಸಮತೋಲಕ್ಕೂ ಬೆಲೆಗೂ ಸಂಬಂಧ ಕಾಣಲಿಲ್ಲ. ಅಗ್ಗದ ಹೆಡ್‌ಫೋನು ತಿದ್ದುವವರು ಇದನ್ನು ಚೌಕಟ್ಟು ಹಾಕಿಸಿ ಇಟ್ಟುಕೊಳ್ಳಬಹುದು.

ಸ್ವರಗಳ ಏರಿಳಿತವಷ್ಟೇ ತೊಂದರೆಯಾದರೆ ಫೋನಿನಲ್ಲಿ ಈಕ್ವಲೈಸರ್ ಇದೆಯಲ್ಲ, ಬಿಚ್ಚುವ ಉಸಾಬರಿ ಏಕೆ? ನ್ಯಾಯವಾದ ಪ್ರಶ್ನೆ. ಉಬ್ಬಿದ ಸ್ವರವನ್ನು ತಗ್ಗಿಸಲು ಈಕ್ವಲೈಸರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಖರ್ಚೂ ಇಲ್ಲ, ಬೇಡವೆಂದರೆ ಮರುಕ್ಷಣ ಮೊದಲಿನಂತೆ. ಸೋರುವ ಪ್ಯಾಡಿನ ಮುಂದೆ ಅದರ ಆಟ ನಡೆಯದು. ಸೋರಿಹೋಗುವ ಬೇಸನ್ನು ತುಂಬಿಕೊಡಲು ಹೋದರೆ ಹಾಳೆ ಮಿತಿಮೀರಿ ಓಡಾಡಿ ಸದ್ದು ಒಡೆಯುತ್ತದೆ. ಮೇಲಾಗಿ ತಲೆ ಅಲ್ಲಾಡಿಸಿದಾಗಲೆಲ್ಲ ಸೋರಿಕೆಯೂ ಬದಲಾಗುತ್ತಿರುತ್ತದೆ. ಗಾಳಿಯ ಕೆಲಸವನ್ನು ಹತ್ತಿ, ಫೆಲ್ಟು, ಪ್ಯಾಡುಗಳಲ್ಲಿ ಮುಗಿಸಿ ಉಳಿದದ್ದನ್ನು ಈಕ್ವಲೈಸರಿಗೆ ಬಿಡುವುದು ನನ್ನ ಪದ್ಧತಿ. ದುಬಾರಿ ಕೇಬಲ್ಲಿಗೆ ದುಡ್ಡು ಹಾಕುವುದು ಈ ಎರಡರಲ್ಲಿ ಯಾವುದೂ ಅಲ್ಲ.

ತಿದ್ದಿದ ಮೇಲೆ ನಿಜವಾಗಿ ಸುಧಾರಿಸಿತೇ ಎಂದು ತೀರ್ಮಾನಿಸುವುದು ತಿದ್ದುವುದಕ್ಕಿಂತ ಕಷ್ಟ. ನಾವೇ ಹತ್ತಿ ತುಂಬಿ, ನಾವೇ ಮುಚ್ಚಿ, ನಾವೇ ಕೇಳಿದರೆ ಚೆನ್ನಾಗಿಯೇ ಕೇಳುತ್ತದೆ. ಅದಕ್ಕಿಂತ ದೊಡ್ಡ ಮೋಸ ವಾಲ್ಯೂಮಿನದು. ದನಿ ತಗ್ಗಿದಷ್ಟೂ ಬೇಸ್ ಇನ್ನೂ ಬೇಗ ಕಾಣೆಯಾಗುತ್ತದೆಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಎರಡರಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಅದೇ ತುಂಬು ದನಿಯದೆಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ನಿನ್ನೆಯ ಸದ್ದಿನ ನೆನಪನ್ನಂತೂ ನಂಬುವಂತೆಯೇ ಇಲ್ಲ.

ಇದಕ್ಕೊಂದು ಉಪಾಯವಿದೆ: ಒಂದು ಬಟ್ಟಲನ್ನು ಮಾತ್ರ ತಿದ್ದುವುದು. ಎಡಗಡೆಯದಕ್ಕೆ ಹತ್ತಿ, ಬಲಗಡೆಯದು ಕಂಪನಿಯಿಂದ ಬಂದ ಹಾಗೆಯೇ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೋ ಆನ್ ಮಾಡಿದರೆ ಎರಡೂ ಕಡೆ ಒಂದೇ ಸದ್ದು ಹೋಗುತ್ತದೆ. ಕೇಳುವುದಕ್ಕೆ ತಂಬೂರಿಯ ಶ್ರುತಿ ಹಚ್ಚಿ. ಒಂದೇ ಸಮನೆ ಹರಿಯುವ, ಮಂದ್ರದಿಂದ ಮೇಲಿನ ತನಕ ನಾದದ ಪದರಗಳೆಲ್ಲ ಇರುವ ಸದ್ದು ಅದು. ಬಟ್ಟಲಿನ ಅನುರಣನವಿದ್ದರೆ ಆ ಪದರಗಳಲ್ಲಿ ಒಂದು ಎದ್ದು ನಿಂತಂತೆ ಒಂದು ಕಡೆ ಕೇಳುತ್ತದೆ, ಇನ್ನೊಂದು ಕಡೆ ಇಲ್ಲ. ಆಮೇಲೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು ಮತ್ತೆ ಕೇಳಬೇಕು, ನಮ್ಮ ಎರಡು ಕಿವಿಗಳೂ ಒಂದೇ ಸಮ ಇರುವುದಿಲ್ಲವಲ್ಲ. ತಿದ್ದಿದ ಕಡೆ ಯಾವುದೆಂದು ತಿಳಿಯದಂತೆ ಬೇರೆಯವರಿಂದ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಬಟಾಣಿ ಗಾತ್ರದ ಮೈಕು, ಪುಕ್ಕಟೆ ಸಿಗುವ ಅಳತೆಯ ಸಾಫ್ಟ್‌ವೇರ್ ಇದ್ದರೆ ಗ್ರಾಫನ್ನೂ ಎಳೆಯಬಹುದು. ಅಂಥ ಗ್ರಾಫು ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸವನ್ನಷ್ಟೇ ನೆಚ್ಚಿಕೊಳ್ಳುವಂತೆ ಹೇಳುತ್ತದೆ.

ಒಪ್ಪಿಗೆಯಾದ ಮೇಲೆ ಇನ್ನೊಂದು ಬಟ್ಟಲಿಗೂ ಅದೇ ಕೆಲಸ. ಇಲ್ಲಿ ಕಣ್ಣಂದಾಜು ಸಾಲದು. ಹತ್ತಿಯನ್ನು ಚಿನ್ನದ ಅಂಗಡಿಯವರ ಮಾದರಿಯ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಫೆಲ್ಟನ್ನು ಒಂದೇ ಹಾಳೆಯಿಂದ ಅಕ್ಕಪಕ್ಕ ಕತ್ತರಿಸಿ ಹಾಕಬೇಕು. ಎಲ್ಲ ಮುಚ್ಚಿ ಮೋನೋದಲ್ಲಿ ಒಬ್ಬರೇ ಹಾಡಿದ ಹಾಡು ಹಚ್ಚಿದರೆ ದನಿ ಹಣೆಯ ನಟ್ಟನಡುವೆ ನಿಲ್ಲಬೇಕು. ಮೇಲಿನ ಸ್ವರಕ್ಕೆ ಹೋದಾಗ ಅದು ಒಂದು ಬದಿಗೆ ವಾಲಿದರೆ ಸ್ಕ್ರೂಡ್ರೈವರನ್ನು ಇನ್ನೂ ಒಳಗಿಡಬೇಡಿ.